ಆ ಹುಡುಗಿ ಕೇಳಿದ ಪ್ರಶ್ನೆ

ಶಿಕ್ಷಕ ಮಿತ್ರರೇ, ಈ ಪ್ರಯೋಗವನ್ನು ನೀವೂ ಮಾಡಿಸಿರುತ್ತೀರಿ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ಲೋಟದೊಳಗೆ ನೀರು ಏರುತ್ತದೆ. "ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು" ಎಂದೇ ನಾನು ವರ್ಷಗಟ್ಟಲೆ ಹೇಳಿಕೊಟ್ಟೆ.

ಒಮ್ಮೆ ಐದನೇ ತರಗತಿಯ ಹುಡುಗಿಯೊಬ್ಬಳು, "ಸಾರ್, ಬತ್ತಿ ಆರಿದ ಮೇಲೆಯೇ ನೀರು ಜೋರಾಗಿ ಏರಿತಲ್ಲ, ಯಾಕೆ?" ಎಂದಳು. "ಸುಮ್ಮನೆ ಕೂತ್ಕೋ" ಎಂದು ಗದರಿದೆ. ಆಮೇಲೆ ವಾರವಿಡೀ ಅವಳು ತಲೆ ಎತ್ತಲಿಲ್ಲ. ನನಗೂ ನೆಮ್ಮದಿ ಇರಲಿಲ್ಲ.

ಮನೆಯಲ್ಲಿ ಮತ್ತೆ ಮಾಡಿ ನೋಡಿದೆ. ಅವಳು ಕಂಡದ್ದೇ ಸರಿ. ಜ್ವಾಲೆಯಿಂದ ಬಿಸಿಯಾದ ಗಾಳಿ, ಬತ್ತಿ ಆರಿದೊಡನೆ ತಣ್ಣಗಾಗುತ್ತದೆ. ಲೋಟದೊಳಗಿನ ಒತ್ತಡ ಇಳಿಯುತ್ತದೆ. ಆಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ನೀರು ಏರಲು ಮುಖ್ಯ ಕಾರಣ ಇದು.

ಸೋಮವಾರ ಎಲ್ಲರೆದುರು, "ನಾನು ತಪ್ಪು ಹೇಳಿದ್ದೆ, ಇವಳು ಸರಿಯಾಗಿ ನೋಡಿದ್ದಳು" ಎಂದೆ. ಅವಳ ಮುಖ ಅರಳಿತು. ಅಂದಿನಿಂದ ಹಿಂದಿನ ಸಾಲಿನ ಮಕ್ಕಳೂ ಪ್ರಶ್ನೆ ಕೇಳತೊಡಗಿದರು. ತರಗತಿಗೆ ಹೋಗುವುದೆಂದರೆ ನನಗೂ ಖುಷಿ.

ನಾಳೆ ನೀವೂ ಈ ಪ್ರಯೋಗ ಮಾಡಿಸಿ. ಕಾರಣ ಹೇಳುವ ಮೊದಲು, "ಏನು ಕಂಡಿರಿ?" ಎಂದು ಮಕ್ಕಳನ್ನು ಕೇಳಿ.