ಇಪ್ಪತ್ತು ನಿಮಿಷದ ಊರು

ಊರಿನ ಹೆಸರು ಡಿ ಮೊಯ್ನ್. ಬರೆದಾಗ ಎರಡು ‘ಎಸ್’ ಕಾಣುತ್ತವೆ, ಹೇಳಿದಾಗ ಒಂದೂ ಕೇಳುವುದಿಲ್ಲ. ಅಮೆರಿಕದ ನಟ್ಟನಡುವಿನ ಅಯೋವಾ ರಾಜ್ಯಕ್ಕೆ ಇದೇ ರಾಜಧಾನಿ. ರಾಜಧಾನಿ ಎಂದಮೇಲೆ ವಿಧಾನಸೌಧ ಬೇಡವೇ? ಅದೂ ಇದೆ, ದಿಬ್ಬದ ಮೇಲೆ, ಚಿನ್ನದ ರೇಕು ಹೊದ್ದ ಗುಮ್ಮಟದೊಂದಿಗೆ. ಆದರೆ 2020ರ ಜನಗಣತಿಯಂತೆ ಊರಲ್ಲಿರುವವರು 2,14,133 ಮಂದಿ. ನಮ್ಮ ದಾವಣಗೆರೆಯ ಹೆಚ್ಚುಕಡಿಮೆ ಅರ್ಧ ಅನ್ನಿ.

ಇಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ. ಆಫೀಸು ಎಷ್ಟು ದೂರ? ಇಪ್ಪತ್ತು ನಿಮಿಷ. ವಿಮಾನ ನಿಲ್ದಾಣ? ಇಪ್ಪತ್ತು ನಿಮಿಷ. ಮೈಲಿಯ ಲೆಕ್ಕ ಯಾರ ಬಾಯಲ್ಲೂ ಬರುವುದಿಲ್ಲ. ಬೆಂಗಳೂರಿನಲ್ಲಿ ದಿನಕ್ಕೆ ಮೂರು ಗಂಟೆ ರಸ್ತೆಗೆ ಕೊಟ್ಟು ಬಂದವನಿಗೆ ಮೊದಲ ತಿಂಗಳು ಸಂಜೆಯನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಜೂನ್‌ನಲ್ಲಿ ಸೂರ್ಯ ಮುಳುಗಲು ಹತ್ತಿರಹತ್ತಿರ ಒಂಬತ್ತು ಗಂಟೆಯಾಗುತ್ತದೆ. ಐದೂವರೆಗೆ ಮನೆಗೆ ಬಂದರೆ ಇನ್ನೊಂದು ಹಗಲೇ ಮುಂದೆ ಬಿದ್ದಿರುತ್ತದೆ!

ಕೆಲಸ ವಿಮಾ ಕಂಪನಿಯಲ್ಲಿ. ಈ ಊರಲ್ಲಿ ಅದು ಹೊಸ ಸುದ್ದಿಯೇನಲ್ಲ, ವಿಮೆ ಇಲ್ಲಿ 19ನೇ ಶತಮಾನದಿಂದ ಬಂದ ಕಸುಬು. ಇಲ್ಲಿನ ಪ್ರಿನ್ಸಿಪಲ್ ಕಂಪನಿ ಹುಟ್ಟಿದ್ದೇ 1879ರಲ್ಲಿ. ಪೇಟೆಯ ದೊಡ್ಡ ಕಟ್ಟಡಗಳನ್ನೆಲ್ಲ ಎರಡನೇ ಮಹಡಿಯ ಮಟ್ಟದಲ್ಲಿ ಗಾಜಿನ ಸೇತುವೆಗಳಿಂದ ಹೊಲಿದಿದ್ದಾರೆ, ಒಟ್ಟು ಸುಮಾರು ನಾಲ್ಕು ಮೈಲಿ. ಜನವರಿಯಲ್ಲಿ ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ ಕೋಟಿಲ್ಲದೆ ಊಟಕ್ಕೆ ಹೋಗಿ ಬರಬಹುದು. ಆ ಸೇತುವೆಯಲ್ಲಿ ದಿನವೂ ಎದುರಾಗುವವರು ಎರಡನೇ ವಾರಕ್ಕೆ ತಲೆಯಾಡಿಸುತ್ತಾರೆ, ಎರಡನೇ ತಿಂಗಳಿಗೆ ಮಕ್ಕಳ ಕ್ಷೇಮ ಕೇಳುತ್ತಾರೆ. ದೊಡ್ಡ ಊರಿನಲ್ಲಿ ಒಂದೇ ಮುಖ ಎರಡು ಸಲ ಕಾಣುವುದೂ ಕಷ್ಟ, ಅಲ್ಲವೇ?

ಕ್ಷೇಮ ಅಂದೆನಲ್ಲ, ಪಕ್ಕದ ಮನೆಯ ಅಜ್ಜನ ಸುದ್ದಿ ಹೇಳಿಬಿಡುತ್ತೇನೆ. ಈ ಊರಿನ ಮಕ್ಕಳಿಗೆ ಹ್ಯಾಲೋವೀನ್ ಹಬ್ಬದ ಹೊತ್ತಿಗೆ ಮಿಠಾಯಿ ಸುಮ್ಮನೆ ಸಿಗುವುದಿಲ್ಲ, ಬಾಗಿಲಲ್ಲಿ ನಿಂತು ಒಂದು ನಗೆಚಟಾಕಿ ಹೇಳಬೇಕು. ದಶಕಗಳಿಂದ ಬಂದ ಪದ್ಧತಿ. ನನ್ನ ಮಗಳಿಗೆ ಚಟಾಕಿ ಹೊಳೆಯಲಿಲ್ಲ. ದಾವಣಗೆರೆಯ ಅಜ್ಜಿಗೆ ಫೋನು ಹಚ್ಚಿ ಒಂದು ಒಗಟು ಕಲಿತು, ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಒಪ್ಪಿಸಿದಳು. ಅಜ್ಜ ಮಿಠಾಯಿಯ ಬುಟ್ಟಿ ಹಿಡಿದುಕೊಂಡೇ ಬಹಳ ಹೊತ್ತು ಯೋಚಿಸಿದರು. ಬಿಡಿಸಲಾಗಲಿಲ್ಲ. ಉತ್ತರ ಹೇಳಹೋದವಳನ್ನು ಕೈಯೆತ್ತಿ ತಡೆದರು. ಎರಡು ದಿನ ಬಿಟ್ಟು, ಒಣಗಿದ ಎಲೆಗಳನ್ನು ತುಳಿಯುತ್ತಾ ನಮ್ಮ ಬಾಗಿಲಿಗೆ ಬಂದು ಉತ್ತರ ಹೇಳಿದರು. ಸರಿಯಾಗಿತ್ತು! ಆ ಚಳಿಗಾಲ ಮೊದಲ ಹಿಮ ಬಿದ್ದ ಬೆಳಿಗ್ಗೆ ನಾನು ಸಲಿಕೆ ಹುಡುಕುವಷ್ಟರಲ್ಲಿ ನಮ್ಮ ಮನೆ ಮುಂದಿನ ಕಾಲುದಾರಿ ಹಸನಾಗಿತ್ತು. ಅಜ್ಜ ತಮ್ಮ ಯಂತ್ರವನ್ನು ಒಳಗೆ ನೂಕುತ್ತಿದ್ದರು.

ಊರು ದಾಟಿದರೆ ಮೆಕ್ಕೆಜೋಳ. ದಾವಣಗೆರೆ ಸೀಮೆಯವರಿಗೆ ಆ ಬೆಳೆಯ ಪರಿಚಯ ಮಾಡಿಕೊಡಬೇಕೇ? ಕಾರಿನ ಕಿಟಕಿ ಇಳಿಸಿದರೆ ಆಗಸ್ಟ್‌ನ ಹೊಲದ ಹಸಿ ವಾಸನೆ ಎರಡೂ ಕಡೆ ಒಂದೇ. ಇಲ್ಲಿ ಬಹುಪಾಲು ಕಾಳು ಹಂದಿ, ದನಗಳ ಮೇವಿಗೂ ಎಥೆನಾಲಿಗೂ ಹೋಗುತ್ತದೆ. ತಿನ್ನುವ ಸಿಹಿಜೋಳವೇ ಬೇರೆ, ಜುಲೈನಲ್ಲಿ ರಸ್ತೆ ಬದಿಗೆ ವಾಹನ ನಿಲ್ಲಿಸಿಕೊಂಡು ಡಜನ್ ಲೆಕ್ಕದಲ್ಲಿ ಮಾರುತ್ತಾರೆ. ಅಂಥ ಹೊಲಗಳ ಸೀಮೆಯಲ್ಲೇ, ಮ್ಯಾಡ್ರಿಡ್ ಎಂಬ ಪುಟ್ಟ ಊರಿನ ಬಳಿ, ನಮ್ಮವರ ದೇವಸ್ಥಾನ. ಪ್ರಸಾದ ತಿಂದು ಹೊರಬಂದರೆ ಕಣ್ಣಿಗೆ ಬೀಳುವುದು ಪೈರು. ನನಗೆ ಊರಿನ ನೆನಪಾಗುವುದು ಗಂಟೆಯ ಸದ್ದಿನಿಂದಲ್ಲ, ಆ ಪೈರಿನಿಂದ.

ಪೈರಿನಿಂದ ಹೈನಕ್ಕೆ ಬಂದರೆ ಬೆಣ್ಣೆ ಹಸುವನ್ನು ಬಿಡಲಾದೀತೇ? ಆಗಸ್ಟ್‌ನಲ್ಲಿ ಇಲ್ಲಿ ಹನ್ನೊಂದು ದಿನ ರಾಜ್ಯದ ಜಾತ್ರೆ. ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆ ಕಂಡವರು ಈ ಗದ್ದಲಕ್ಕೆ ಬೆದರುವುದಿಲ್ಲ. ಅಲ್ಲಿ ಗಾಜಿನ ತಂಪು ಕೋಣೆಯೊಳಗೆ, ಮರ ಮತ್ತು ತಂತಿ ಬಲೆಯ ಚೌಕಟ್ಟಿನ ಮೇಲೆ ಸುಮಾರು 600 ಪೌಂಡ್ ಬೆಣ್ಣೆ ಮೆತ್ತಿ ಆಳೆತ್ತರದ ಹಸು ನಿಲ್ಲಿಸುತ್ತಾರೆ. ಈ ಪದ್ಧತಿ 1911ರದು. ನಾರ್ಮಾ ಲಯನ್ ಎಂಬ ತಾಯಿ 1960ರಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಆ ಹಸುವನ್ನು ರೂಪಿಸಿದರು. ಕೆಚ್ಚಲಿನ ನರ, ಕೊರಳ ಮಡಿಕೆ, ಒಂದೂ ತಪ್ಪಿಲ್ಲ. ಬೆಣ್ಣೆದೋಸೆಯ ಊರಿನಲ್ಲಿ ಬೆಳೆದ ನಾನು ಆ ಗಾಜಿಗೆ ಹಣೆ ಹಚ್ಚಿ ನಿಂತಾಗ, ಬೆಣ್ಣೆಯನ್ನು ಇಷ್ಟು ಮರ್ಯಾದೆಯಿಂದ ಕಾಣುವ ಜನ ನಮಗೆ ಹೊರಗಿನವರಲ್ಲ ಅನ್ನಿಸಿತು.

ಎಲ್ಲಿಂದ ಎಲ್ಲಿಗೋ ಬಂದೆ. ಕೆಲಸ ಸಿಕ್ಕ ಹುಡುಗರು ಆಗಾಗ ಫೋನು ಮಾಡುತ್ತಾರೆ: “ಅಣ್ಣಾ, ಷಿಕಾಗೋ ಬಿಟ್ಟು ಅಲ್ಲಿಗೆ ಬರಬೇಕಾ? ಅಲ್ಲೇನಿದೆ?” ಸಮಯ ಇದೆ, ಮುಖ ಗುರುತಿಸುವವರಿದ್ದಾರೆ. ಬದುಕಿಗೆ ಬೇಕಾದ್ದರಲ್ಲಿ ಬಹುಪಾಲು ಇಷ್ಟೇ. ಹಾಗಾಗಿ ನಾನು ಹೇಳುವುದು ಒಂದೇ ಮಾತು: ಬಾರಪ್ಪಾ, ಆಗಸ್ಟ್‌ನಲ್ಲೇ ಬಾ, ಮೊದಲು ಬೆಣ್ಣೆ ಹಸು ನೋಡೋಣ. ದಪ್ಪ ಕೋಟು ಆಮೇಲೆ ಇಲ್ಲೇ ಕೊಳ್ಳೋಣ, ಅಂಗಡಿ ಇಪ್ಪತ್ತು ನಿಮಿಷ.