ಸೆಂಡಾಫ್ ಫೋಟೋ

ಸೆಂಡಾಫ್ ಫೋಟೋಕ್ಕೆ ಅದರದೇ ಒಂದು ಶಾಸ್ತ್ರವಿದೆ. ನಡುವಿನ ಕುರ್ಚಿ ಹೆಡ್ ಮಾಸ್ತರರದ್ದು. ಅವರ ಎಡಬಲಕ್ಕೆ ಸೀನಿಯಾರಿಟಿ ಪ್ರಕಾರ ಉಳಿದ ಮಾಸ್ತರರು, ತುದಿಯ ಕುರ್ಚಿಯಲ್ಲಿ ಕ್ಲರ್ಕು, ಕುರ್ಚಿ ಸಿಗದ ಜವಾನ ಬಾಗಿಲ ಚೌಕಟ್ಟಿನ ಹಾಗೆ ಒಂದು ಬದಿಗೆ ನೆಟ್ಟಗೆ. ಮುಂದೆ ಜಮಖಾನದ ಮೇಲೆ ಹುಡುಗಿಯರು, ಹಿಂದೆ ಹುಡುಗರು, ಅವರ ಹಿಂದೆ ಬೆಂಚು ಹತ್ತಿ ನಿಂತ ಇನ್ನಷ್ಟು ಹುಡುಗರು. ಮೂರು ವರ್ಷ ಬೆಂಚಿನ ಮೇಲೆ ನಿಲ್ಲಿಸಿಕೊಂಡು ಬೈಸಿಕೊಂಡವರೇ ಅಂದೂ ಬೆಂಚು ಹತ್ತಿದ್ದರು. ಆವತ್ತು ಮಾತ್ರ ಮರ್ಯಾದೆಯಿಂದ.

ನಾನು ರಾಯಚೂರು ಜಿಲ್ಲೆಯ ಯಾಪಲದಿನ್ನಿಯ ಹೈಸ್ಕೂಲಿನ 1999ರ ಬ್ಯಾಚಿನವನು. ನಮ್ಮ ಫೋಟೋ ತೆಗೆಯಲು ರಾಯಚೂರಿನಿಂದ ಬಸ್ಸಿನಲ್ಲಿ ಬಂದವನು ಮೂರುಕಾಲಿನ ಸ್ಟ್ಯಾಂಡು ನೆಟ್ಟು, ಕೊರಳಿಗೆ ನೇತುಹಾಕಿಕೊಂಡಿದ್ದ ಯಾಶಿಕಾ ಕ್ಯಾಮರಾ ಅದಕ್ಕೆ ಕೂರಿಸಿದ. ಒಂದರ ಮೇಲೊಂದು ಎರಡು ಕಣ್ಣಿದ್ದ ಡಬ್ಬಿ ಅದು. ಕಣ್ಣಿಗೆ ಹಚ್ಚಿ ನೋಡುವಂಥದ್ದಲ್ಲ, ಮೇಲಿನಿಂದ ಬಗ್ಗಿ ನೋಡುವಂಥದ್ದು. ಅವನು ಬಗ್ಗಿದಾಗಲೆಲ್ಲ ಹೆಡ್ ಮಾಸ್ತರರಿಗೆ ನಮಸ್ಕಾರ ಮಾಡಿದಂತೆ ಕಾಣುತ್ತಿತ್ತು. ಅವರೂ ಒಂದೆರಡು ಸಲ ತಲೆಯಾಡಿಸಿ ಸ್ವೀಕರಿಸಿದರು. ಆ ಕ್ಯಾಮರಾದ ಗಾಜಿನಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಮೂಡುತ್ತದೆ. ಅವನು ಗಾಜು ನೋಡುತ್ತ ಕೈಬೀಸಿದ ಕಡೆಗೆ ನಾವು ಸರಿದೆವು, ಅವನಿಗೆ ಬೇಕಾದದ್ದು ಇನ್ನೊಂದು ಕಡೆ. "ಏ ತಮ್ಮ, ಆಕಡೆ ಅಲ್ಲೋ, ಈಕಡೆ!" ಪಿಟಿ ಮಾಸ್ತರರು ಸೀಟಿ ಊದಿದರು. ಇಡೀ ಹತ್ತನೇ ತರಗತಿ ಕವಾಯತಿನಂತೆ ಎಡಕ್ಕೂ ಬಲಕ್ಕೂ ತೂಗಾಡಿ, ಕೊನೆಗೆ ಎಲ್ಲಿತ್ತೋ ಅಲ್ಲಿಗೇ ಬಂದು ನಿಂತಿತು.

ಈ ಕುರ್ಚಿ-ಜಮಖಾನದ ಶಾಸ್ತ್ರ ನಮ್ಮ ಕಡೆಗೆ ಎಲ್ಲಿಂದ ಬಂತೋ ಎಂದು ಹುಡುಕಿದರೆ ನನಗೆ ಸಿಗುವವರು ಲಾಲಾ ದೀನದಯಾಳ್. ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನ ಅಳಿದ ಮೇಲೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಮೀರತ್ ಹತ್ತಿರದ ಸರ್ಧಾನಾದಲ್ಲಿ 1844ರಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿದ ದೀನದಯಾಳ್ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾಗಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. ಪರದೆಯ ಹೆಂಗಸರ ಚಿತ್ರ ತೆಗೆಯಲು ಬೇರೆಯದೇ ಜನಾನಾ ಸ್ಟುಡಿಯೋ ಕೂಡ ಇಟ್ಟಿದ್ದರು. ಅವರ ಗ್ರೂಪ್ ಫೋಟೋಗಳನ್ನು ನೋಡಿ: ನಡುವೆ ಸಾಹೇಬರು, ಪಕ್ಕದಲ್ಲಿ ಅಮೀರರು, ಹಿಂದೆ ಸಾಲುಗಟ್ಟಿ ನಿಂತ ಅಧಿಕಾರಿಗಳು, ಕಾಲ ಬಳಿ ಕೂತ ಕಿರಿಯರು. ಶಿಕಾರಿಯ ಫೋಟೋವಾದರೆ, ಮುಂದೆ ಮಲಗಿಸಿದ ಹುಲಿಯನ್ನು ತೆಗೆದು ಆ ಜಾಗದಲ್ಲಿ ರೋಲಿಂಗ್ ಶೀಲ್ಡು ಇಟ್ಟರೆ ಅದು ನಮ್ಮ ಸೆಂಡಾಫ್ ಫೋಟೋವೇ.

ಗುಂಪು ದೊಡ್ಡದಾದರೆ ಚೌಕಟ್ಟಿನೊಳಗೆ ಹಿಡಿಸುವುದು ಹೇಗೆ ಎಂಬ ತಲೆನೋವು ಎಲ್ಲ ದೇಶದಲ್ಲೂ ಇತ್ತು. ಅಮೆರಿಕದಲ್ಲಿ 1904ರಲ್ಲಿ ಸರ್ಕಟ್ ಎಂಬ ಕ್ಯಾಮರಾ ಬಂತು. ಅದು ತನ್ನ ಸ್ಟ್ಯಾಂಡಿನ ಮೇಲೆ ತಾನೇ ನಿಧಾನವಾಗಿ ತಿರುಗುತ್ತ, ಉದ್ದದ ಫಿಲ್ಮಿನ ಮೇಲೆ ಇಡೀ ಶಾಲೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಗುಡಿಸಿಕೊಂಡು ಹೋಗುತ್ತಿತ್ತು. ತುದಿಯಲ್ಲಿ ನಿಂತ ಕಿಡಿಗೇಡಿ, ಕ್ಯಾಮರಾ ತನ್ನನ್ನು ದಾಟಿದ ಕೂಡಲೇ ಎಲ್ಲರ ಬೆನ್ನ ಹಿಂದೆ ಓಡಿ ಇನ್ನೊಂದು ತುದಿಯಲ್ಲಿ ನಿಂತುಬಿಡುತ್ತಿದ್ದ. ಒಂದೇ ಫೋಟೋದಲ್ಲಿ ಅವನು ಎರಡು ಸಲ! ಈ ಸಂಗತಿ ಓದಿದಾಗ ನನಗೆ ನಗು ಬಂತು, ಬೆನ್ನಿಗೇ ನಮ್ಮ ಫೋಟೋ ನೆನಪಾಯಿತು. ನಮ್ಮದರಲ್ಲಿ ಎರಡು ಸಲ ಇದ್ದವರು ಯಾರೂ ಇಲ್ಲ. ಒಂದು ಸಲವೂ ಇಲ್ಲದವರು ಬಹಳ.

ಅವರೆಲ್ಲ ಎಲ್ಲಿ ಹೋದರು ಎಂದರೆ, ಹೆಚ್ಚಿನವರು ಹತ್ತಿ ಹೊಲಕ್ಕೆ.

ಅದಕ್ಕೂ ಒಂದು ಹಿನ್ನೆಲೆ ಇದೆ. ಜಗತ್ತಿನಲ್ಲೇ ಮೊದಲು ಬೇಸಾಯಕ್ಕೆ ಬಂದ ಹೈಬ್ರಿಡ್ ಹತ್ತಿ ನಮ್ಮ ದೇಶದ್ದು. 1970ರಲ್ಲಿ ಗುಜರಾತಿನ ಸೂರತ್‌ನಲ್ಲಿ ಸಿ.ಟಿ. ಪಟೇಲರು ಎಚ್-4 ತಂದರು. ಎರಡು ವರ್ಷಕ್ಕೆ ಧಾರವಾಡದಲ್ಲಿ ಬಿ.ಎಚ್. ಕಾತರಕಿಯವರು ವರಲಕ್ಷ್ಮಿ ತಂದರು. ಎಳೆ ಉದ್ದ, ಇಳುವರಿ ಜಾಸ್ತಿ. ಆದರೆ ಹೈಬ್ರಿಡ್ ಬೀಜ ತನ್ನಿಂದ ತಾನೇ ಆಗುವುದಿಲ್ಲ, ಹೂವಿಗೆ ಹೂವನ್ನು ಕೈಯಿಂದಲೇ ಕೂಡಿಸಬೇಕು. ಇದಕ್ಕೆ ನಮ್ಮ ಕಡೆ ಕ್ರಾಸಿಂಗ್ ಅನ್ನುತ್ತಾರೆ. ಗಡಿಯಾಚೆಯ ಗದ್ವಾಲ ಸೀಮೆ ಹತ್ತಿ ಬೀಜಕ್ಕೆ ಹೆಸರುವಾಸಿ. ಆಗ ಅದು ಆಂಧ್ರ, 2014ರ ಜೂನ್ 2ರಿಂದ ತೆಲಂಗಾಣ. ನಮ್ಮ ಮನೆಯಲ್ಲಿ ಬೆರೆತ ತೆಲುಗು-ಕನ್ನಡದ ಹಾಗೆ ಹತ್ತಿ ಹೂವಿಗೂ ರಾಜ್ಯದ ಗಡಿ ಗೊತ್ತಿಲ್ಲ. ಬೋರಿನ ನೀರು ಇರುವ ಹೊಲ ಎಲ್ಲಿದ್ದರೂ ಕ್ರಾಸಿಂಗ್ ಬರುತ್ತಿತ್ತು.

ಕೆಲಸ ಕಣ್ಣಿಗೆ ಸರಳ. ಸಂಜೆ ಹೊತ್ತು ಸಾಲಿನೊಳಗೆ ಹೋಗಿ, ನಾಳೆ ಅರಳಲಿರುವ ಮೊಗ್ಗು ಯಾವುದೆಂದು ಗುರುತಿಸಬೇಕು. ಹೆಬ್ಬೆರಳಿನ ಉಗುರನ್ನು ಮೊಗ್ಗಿನ ಬುಡಕ್ಕೆ ಊರಿ, ಎಸಳನ್ನೂ ಒಳಗಿನ ಪರಾಗದ ಗೊಂಚಲನ್ನೂ ಒಟ್ಟಿಗೆ ಸುಲಿದು ತೆಗೆಯಬೇಕು. ನಡುವಿನ ಕಡ್ಡಿ ಮಾತ್ರ ಮುರಿಯಬಾರದು. ಉಳಿದ ಕಡ್ಡಿಗೆ ಗುರುತಿಗೆಂದು ಕೆಂಪು ಕಾಗದದ ಚೀಲ. ಮರುದಿನ ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂ ಕಿತ್ತುತಂದು ಆ ಕಡ್ಡಿಯ ತಲೆಗೆ ಮೆಲ್ಲಗೆ ಸವರಬೇಕು. ಒಂದು ಗಂಡು ಹೂ ನಾಲ್ಕೈದು ಹೆಣ್ಣು ಹೂವಿಗೆ ಸಾಕು. ಬಿಸಿಲು ನೆತ್ತಿಗೆ ಬರುವುದರೊಳಗೆ ಮುಗಿಯಬೇಕು, ಸಂಜೆಗೆ ಮತ್ತೆ ಮೊಗ್ಗು. ಶ್ರಾವಣದಿಂದ ದೀಪಾವಳಿ ದಾಟುವವರೆಗೆ ಇದೇ. ನಡುವಿನ ಹೊತ್ತಿನಲ್ಲಿ ಶಾಲೆಗೆ ಹೋಗಿಬರಲಿ ಎನ್ನುವವರಿದ್ದರು. ಹೊಲದಿಂದ ಅಷ್ಟು ದೂರ ನಡೆದು ಬಂದ ಮಕ್ಕಳು ಮಧ್ಯಾಹ್ನದ ಪಿರೇಡಿನಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದವು. ಸಮಾಜ ಪಾಠದ ಮಾಸ್ತರರು ಅವರನ್ನು ಎಬ್ಬಿಸುತ್ತಿರಲಿಲ್ಲ, ದನಿ ತಗ್ಗಿಸಿ ಪಾಠ ಮಾಡುತ್ತಿದ್ದರು.

ಸಣ್ಣ ಬೆರಳಿಗೇ ಈ ಕೆಲಸ ಬರುವುದು ಎಂದು ದೊಡ್ಡವರು ಹೇಳುತ್ತಿದ್ದರು. ಅದು ಸುಳ್ಳು. ಸಣ್ಣ ಬೆರಳಿಗೆ ಸಣ್ಣ ಕೂಲಿ ಸಾಕಾಗುತ್ತಿತ್ತು, ಅಷ್ಟೇ. ಹೋದವರಲ್ಲಿ ಹುಡುಗಿಯರೇ ಹೆಚ್ಚು. ಎಂಟನೇ ತರಗತಿಯಲ್ಲಿ ಎರಡು ಬೆಂಚು ತುಂಬಿ ಕೂಡುತ್ತಿದ್ದವರು, ಒಂಬತ್ತರಲ್ಲಿ ಒಂದಕ್ಕೆ ಇಳಿದರು. 1986ರ ಬಾಲಕಾರ್ಮಿಕ ಕಾಯ್ದೆ ಹೊಲದ ಕಡೆ ಹೆಚ್ಚು ಕಣ್ಣು ಹಾಯಿಸಿರಲಿಲ್ಲ. ಹದಿನಾಲ್ಕರ ಒಳಗಿನವರನ್ನು ಯಾವ ಕೆಲಸಕ್ಕೂ ಹಚ್ಚಬಾರದೆಂದು ತಿದ್ದುಪಡಿ ಬಂದದ್ದು 2016ರಲ್ಲಿ, ಅದೂ ಸ್ವಂತ ಮನೆತನದ ಕಸುಬಿಗೆ ವಿನಾಯಿತಿ ಇಟ್ಟುಕೊಂಡೇ. ಇನ್ನು ಎಸ್ಸೆಸ್ಸೆಲ್ಸಿಗೆ ಕೂಡಬೇಕಾದರೆ ನೂರಕ್ಕೆ 75 ಹಾಜರಿ ಬೇಕು. ಮಾಸ್ತರರು ಸೈಕಲ್ ಹತ್ತಿ ಹೊಲ ಹೊಲ ತಿರುಗಿ, "ಏನವ್ವ, ಪರೀಕ್ಷಿ ಬರಿಯಾಕಿ ಹೌದಲ್ಲೋ?" ಎಂದು ಬದುವಿನ ಮೇಲೆ ನಿಂತು ಕೂಗಿದ್ದನ್ನು ಕಂಡಿದ್ದೇನೆ. ಕೆಲವರು ಬಂದರು. ಕೆಲವರ ಅವ್ವಂದಿರು ಮುಂಗಡ ಇಸಗೊಂಡಿದ್ದರು.

ನಮ್ಮ ಅಜ್ಜನ ಕಾಲಕ್ಕೆ ಹೋಲಿಸಿದರೆ ನಾವೇ ಪುಣ್ಯವಂತರು ಎನ್ನುವವರಿದ್ದಾರೆ. ಅದೂ ನಿಜವೇ. ನಿಜಾಮರ ಕಾಲದಲ್ಲಿ ಹೈಸ್ಕೂಲೆಂದರೆ ಪಟ್ಟಣದ ಮಾತು, ಅದೂ ಉರ್ದುವಿನಲ್ಲಿ. 1920ರ ಸುಮಾರಿಗೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ತೆರೆದದ್ದು ಇಂದಿಗೂ ಜನರ ಬಾಯಲ್ಲಿರುವುದು ಸುಮ್ಮನೆ ಅಲ್ಲ. ನಮಗೆ ನಡೆದು ಹೋಗುವಷ್ಟು ಹತ್ತಿರ ಹೈಸ್ಕೂಲು ಬಂದಿತ್ತು. ಎಂಟನೆಯವರಿಗೆ ಸರ್ಕಾರಿ ಸೈಕಲ್ ಬಂದದ್ದು ಮಾತ್ರ 2006-07ರಲ್ಲಿ, ನಾವು ಹೊರಬಿದ್ದ ಮೇಲೆ. ಈ ವಿಷಯದಲ್ಲಿ ನಮ್ಮ ಬ್ಯಾಚಿಗೆ ಇನ್ನೂ ಸ್ವಲ್ಪ ಹೊಟ್ಟೆಕಿಚ್ಚಿದೆ.

ಈಗ ನಮ್ಮದೊಂದು ವಾಟ್ಸ್ಯಾಪ್ ಗ್ರೂಪಿದೆ. ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಗುಳೆ ಹೋಗಿ ಮೇಸ್ತ್ರಿಯಾದವನು, ಕಂಡಕ್ಟರು, ಇಬ್ಬರು ಮಾಸ್ತರರು, ಒಬ್ಬ ನರ್ಸು, ಹಗಲೆಲ್ಲ ಗುಡ್ ಮಾರ್ನಿಂಗ್ ಹಾಕುವವನು. ಗುರುವಂದನೆ ಮಾಡೋಣ ಎಂಬ ಮಾತು ಎದ್ದಿತು. ಮಂಡಾಳು ಒಗ್ಗರಣಿ, ಮಿರ್ಚಿ, ಮಧ್ಯಾಹ್ನಕ್ಕೆ ಊಟ, ಮಾಸ್ತರರಿಗೆ ಶಾಲು. ಇಷ್ಟರವರೆಗೆ ಎಲ್ಲ ಸಲೀಸು. ಕರೆಯುವುದು ಯಾರನ್ನು ಎಂಬಲ್ಲಿಗೆ ಜಗಳ ಹತ್ತಿತು. "ಪರೀಕ್ಷಿ ಬರದವರು ಅಷ್ಟೇ ಬ್ಯಾಚು, ಫೋಟೋದಾಗ ಅದಾರಲ್ಲ, ಅವರು" ಎಂದ ಒಬ್ಬ. "ಹಂಗಂದ್ರ ನಾ ಆವತ್ತು ಜ್ವರ ಬಂದು ಮಲಗಿದ್ದೆ, ನಾ ಯಾವ ಬ್ಯಾಚಲೇ?" ಎಂದ ಇನ್ನೊಬ್ಬ. ನನ್ನ ಅಭಿಪ್ರಾಯ ಬೇರೆ. ಫೋಟೋ ಒಂದು ಕ್ಷಣದ ಸಂಗತಿ. ಬ್ಯಾಚಿನ ಖರೆ ಚಿತ್ರ ಇರುವುದು ಎಂಟನೆಯ ಹಾಜರಿ ಪುಸ್ತಕದಲ್ಲಿ, ದಿನವೂ ಕೂಗಿದ ಹೆಸರುಗಳಲ್ಲಿ. ನನ್ನ ಮುಂದಿನ ಹೆಸರೂ ಹಿಂದಿನ ಹೆಸರೂ ಇವತ್ತಿಗೂ ಬಾಯಿಪಾಠ, ಆ ಇಬ್ಬರೂ ಫೋಟೋದಲ್ಲಿಲ್ಲ. ಗಂಟೆಗಟ್ಟಲೆ ಟೈಪು ಮಾಡಿ ಕೊನೆಗೂ ನಾನೇ ಗೆದ್ದೆ, ಅಥವಾ ಉಳಿದವರಿಗೆ ಬೇಸರವಾಯಿತು.

ನಂಬರು ಹುಡುಕುವ ಕೆಲಸ ನನ್ನ ಕೊರಳಿಗೇ ಬಿತ್ತು. ಒಂಬತ್ತಕ್ಕೆ ಬಿಟ್ಟು ಹೋಗಿದ್ದ ಒಬ್ಬಾಕೆಗೆ ಫೋನು ಹಚ್ಚಿದೆ. ಯಾರೆಂದು ಹೇಳಿದ ಮೇಲೆ ಆಕೆ ನಕ್ಕಳು, ಮಾಸ್ತರರ ಆರೋಗ್ಯ ಕೇಳಿದಳು, ಬರುತ್ತೇನೆಂದಳು.

"ಯಾವಾಗ ಇಟಗೊಂಡೀರಿ?"

"ಸೆಪ್ಟೆಂಬರ್ 5, ಶಿಕ್ಷಕರ ದಿನಾಚರಣಿ."

"ಅಯ್ಯ, ಆಗ ಬರಾಕ ಆಗಲ್ಲ ಬಿಡಣ್ಣ. ಕ್ರಾಸಿಂಗ್ ಇರ್ತದ."

"ಇನ್ನೂ ಹೋಗ್ತಿಯೇನವ್ವ?"

"ಹೋಗೋದೇನು, ಈಗ ಹೊಲ ನಂದೇ. ಎರಡೆಕರೆ ಬೀಜದ ಹತ್ತಿ ಮಾಡೀನಿ. ಆಳು ಸಿಗವಲ್ಲವು. ದೊಡ್ಡೋರೇ ಬೇಕಂತ ಕುಂತೀನಿ, ಸಣ್ಣ ಹುಡುಗರನ್ನ ಹೊಲದ ಹತ್ತರಾನೂ ಬಿಟ್ಟಿಲ್ಲ. ಉಗಾದಿ ಆದಮ್ಯಾಲ ಇಡ್ರಿ, ಎಲ್ಲರೂ ಬರ್ತೀವಿ."

ಗ್ರೂಪಿನಲ್ಲಿ ಹಾಕಿದೆ. ಬಿಸಿಲಾಗ್ತದ ಎಂದರು, ಮಾಸ್ತರರಿಗೆ ವಯಸ್ಸಾಗ್ಯದ ಎಂದರು, ಮದುವೆ ಸೀಜನ್ನು, ಅಡುಗೆಯವರು ಸಿಗಲ್ಲ ಎಂದರು. ಮೇಸ್ತ್ರಿ ಮಾತ್ರ, ಪೆಂಡಾಲ್ ಖರ್ಚು ತನ್ನದು, ಉಗಾದಿ ಆದ ಮೇಲಿನ ಭಾನುವಾರ ಹಿಡೀರಿ ಎಂದು ಬೆಂಗಳೂರಿನಿಂದ ವಾಯ್ಸ್ ಮೆಸೇಜ್ ಕಳಿಸಿದ.