ಹಸಿರು ಕಾರ್ಡು ಮತ್ತು ಹೊಸ ಲ್ಯಾಪ್‌ಟಾಪ್

ಮದುವೆ ಕಾರ್ಡು, ಅಂಗಡಿಯ ಬೋರ್ಡು, ಪುಸ್ತಕದ ಮುಖಪುಟಗಳ ವಿನ್ಯಾಸ ನಮ್ಮ ಮನೆಯವರೆಲ್ಲ ಸೇರಿ ಮಾಡುವ ಕೆಲಸ. ಒಮ್ಮೆ ಒಂದು ಮದುವೆ ಕಾರ್ಡು ನಾವು ತಲೆ ತಗ್ಗಿಸುವಂತೆ ಮಾಡಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ಗಿಳಿಹಸಿರಾಗಿ ಹೊಳೆದ ಬಣ್ಣ, ಅಚ್ಚಾಗಿ ಬಂದಾಗ ಒಣಗಿದ ಬೇವಿನೆಲೆಯಂತಿತ್ತು. ಹುಡುಗಿಯ ತಂದೆ ಏನೂ ಅನ್ನಲಿಲ್ಲ. ಕಾರ್ಡನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. 500 ಕಾರ್ಡುಗಳನ್ನು ನಮ್ಮ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಸಿದೆವು.

ತಪ್ಪು ಅರ್ಧ ನಮ್ಮದೇ. ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಕಟ್ಟುತ್ತದೆ; ಅಚ್ಚಿನ ಯಂತ್ರ ನಾಲ್ಕು ಶಾಯಿಗಳಿಂದ. ಬೆಳಕಿನ ಹೊಳಪೆಲ್ಲ ಶಾಯಿಗೆ ಬರದು. ಅದು ಗೊತ್ತಿದ್ದೂ ನಾವು ಸಿಎಂವೈಕೆಗೆ ತಿರುಗಿಸಿ ನೋಡಿರಲಿಲ್ಲ. ಉಳಿದರ್ಧ ತಪ್ಪು, ತುಸು ಬಾಗಿಸಿದರೂ ಬಣ್ಣ ಬದಲಿಸುತ್ತಿದ್ದ ಆ ಪರದೆಯದು.

ಹೊಸದನ್ನು ಕೊಳ್ಳಲು ಹೋದಾಗ ಅಂಗಡಿಯವರು ವೇಗದ ಬಗ್ಗೆ ಹೇಳಿದರು. ನಾವು ಪರದೆಯ ಬಗ್ಗೆ ಕೇಳಿದೆವು. ಐಪಿಎಸ್ ಆಗಿರಬೇಕು, ಎಸ್‌ಆರ್‌ಜಿಬಿ ಬಣ್ಣಗಳನ್ನು 100ಕ್ಕೆ 100 ತೋರಿಸಬೇಕು. ಫೋಟೋಶಾಪ್, ಕೋರೆಲ್‌ಡ್ರಾ ಒಟ್ಟಿಗೆ ತೆರೆಯಲು ನಮಗೆ 16 ಜಿಬಿ ರ್‍ಯಾಮ್ ಸಾಕು. ನುಡಿಯಲ್ಲಿ ಮಾಡಿದ ಕನ್ನಡದ ಹಳೆಯ ಫೈಲುಗಳಿವೆ. 1994ರಲ್ಲಿ ಬಂದು, ಕಾತಿಬರ ನಸ್ತಾಲೀಕ್ ಬರಹವನ್ನು ನಮ್ಮಂಥವರ ಮೇಜಿಗೆ ತಂದ ಇನ್‌ಪೇಜಿನ ಉರ್ದು ಫೈಲುಗಳೂ ಇವೆ. ಹಾಗಾಗಿ ವಿಂಡೋಸ್ ಬಿಡಲಾಗಲಿಲ್ಲ.

ಕಂತಿನಲ್ಲಿ ಒಯ್ಯಿರಿ ಎಂದರು. ಬಡ್ಡಿ ಬೇಡವೆಂದು ಆರು ತಿಂಗಳು ಹಣ ಕೂಡಿಸಿದೆವು. ತಂದ ದಿನ ಮೊದಲು ತೆರೆದದ್ದು ಆ ಹಸಿರು ಕಾರ್ಡನ್ನೇ. ಸಿಎಂವೈಕೆಗೆ ತಿರುಗಿಸಿದಾಗ ಪರದೆಯ ಮೇಲೂ ಅದೇ ಒಣ ಬೇವಿನೆಲೆ. ಈ ಯಂತ್ರವಿದ್ದಿದ್ದರೆ ನಮಗೆ ಮೊದಲೇ ಹೇಳುತ್ತಿತ್ತು. ಆ ತಂದೆಗೆ ನಾವೂ ಮೊದಲೇ ಹೇಳಬಹುದಿತ್ತು.